ನಾಸಪಾತಿ ಕ್ರಂಬಲ್: ಹಣ್ಣು ಹೆಚ್ಚು, ಸಿಹಿ ಕಡಿಮೆ – ಪದೇ ಪದೇ ಕೇಳುವ ಪ್ರಶ್ನೆಗಳು

ಶ್ರಾವಣ ಹತ್ತಿರ ಬಂತೆಂದರೆ ಕಲಬುರಗಿಯ ಸೂಪರ್ ಮಾರ್ಕೆಟ್ ಬಜಾರಿನ ತಳ್ಳುಬಂಡಿಗಳ ಮೇಲೆ ನಾಸಪಾತಿ, ಅಂದರೆ ಪೇರ್ ಹಣ್ಣು, ಬಂದು ಕೂಡುತ್ತದೆ. ಅದೇ ಹೊತ್ತಿಗೆ ನನ್ನ ಫೋನೂ ಬಡಿಯಲು ಶುರು. ಓಣಿಯವರು, ತಂಗಿಯ ಗೆಳತಿಯರು, ಬೀದರಿನ ಬೀಗರು ಎಲ್ಲರೂ ಸುತ್ತಿ ಬಳಸಿ ಕೇಳುವುದು ಅವೇ ಪ್ರಶ್ನೆ. ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಹೇಳಿ ಸಾಕಾಗಿ ಎಲ್ಲವನ್ನೂ ಇಲ್ಲಿ ಬರೆದಿಟ್ಟಿದ್ದೇನೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ: ಹಣ್ಣು ಮಾಗುವ ತನಕ ಕಾಯದವರಿಗೆ ಸಕ್ಕರೆ ಕಡಿಮೆ ಮಾಡಲು ಬರುವುದಿಲ್ಲ. ಉಳಿದದ್ದೆಲ್ಲ ಇದರ ಸುತ್ತಲೇ ಇದೆ.

ಕ್ರಂಬಲ್ ಅಂದರೆ ಏನ್ರಿ? ಕೇಕಾ, ಪುಡ್ಡಿಂಗಾ?

ಕೆಳಗೆ ಹೆಚ್ಚಿದ ಹಣ್ಣು. ಮೇಲೆ ಹಿಟ್ಟು, ಬೆಣ್ಣೆ, ಸಿಹಿ ಕೂಡಿಸಿ ಬೆರಳಲ್ಲಿ ಉದುರಿಸಿದ ಪದರ. ಎರಡನ್ನೂ ಒಟ್ಟಿಗೆ ಓವನ್ನಿಗೆ ಇಡುವುದು. ಹಣ್ಣು ರಸ ಬಿಟ್ಟು ಮೆತ್ತಗಾಗುತ್ತದೆ, ಮೇಲಿನದು ಗರಿಗರಿಯಾಗುತ್ತದೆ. ಅಷ್ಟೇ.

ಇದು ಇಂಗ್ಲೆಂಡಿನ ಮನೆಯಡುಗೆ. ಎರಡನೇ ಮಹಾಯುದ್ಧದ ಕಾಲಕ್ಕೆ, 1940ರ ಜನವರಿಯಲ್ಲಿ, ಅಲ್ಲಿ ಬೆಣ್ಣೆ, ಸಕ್ಕರೆಗಳನ್ನು ರೇಷನ್ನಿನಲ್ಲಿ ಅಳೆದು ಕೊಡಲು ಶುರು ಮಾಡಿದರು. ಆಹಾರದ ರೇಷನ್ ಪೂರ್ತಿ ಮುಗಿದದ್ದು 1954ರಲ್ಲಿ. ಹಿಟ್ಟು ನಾದಿ ಲಟ್ಟಿಸಿ ಮಾಡುವ ಪೈಗೆ ಬೇಕಾಗುವಷ್ಟು ಜಿಡ್ಡು ಇದಕ್ಕೆ ಬೇಡವಾದ್ದರಿಂದ ಆ ವರ್ಷಗಳಲ್ಲಿ ಕ್ರಂಬಲ್ ಮನೆಮನೆಯದಾಯಿತು. ಇದ್ದುದರಲ್ಲಿ ಹೊಂದಿಸುವ ಅಡುಗೆ ಅಂದಮೇಲೆ ನಮಗೂ ಹೊಂದುತ್ತದೆ.

ನಮ್ಮ ಕಡೆಯವರಿಗೆ ತಿಳಿಸಬೇಕೆಂದರೆ ಮಾದಲಿ ನೆನಪಿಸಿಕೊಳ್ಳಿ. ಗೋಧಿ ರೊಟ್ಟಿ ಮುರಿದು, ಕುಟ್ಟಿ, ಬೆಲ್ಲ, ಏಲಕ್ಕಿ, ಗಸಗಸೆ, ಪುಠಾಣಿ ಸೇರಿಸಿ ಹಾಲು ತುಪ್ಪದ ಜೊತೆ ತಿನ್ನುವುದಿಲ್ಲವೇ? ದರ್ಗಾದ ಮಲೀದಾ ಕೂಡ ಅದೇ ಬಳಗದ್ದು. ಆ ಉದುರು ಉದುರಾದ ಮಾದಲಿಯನ್ನು ಹಣ್ಣಿನ ಮೇಲೆ ಹರವಿ ಕಾಸಿದರೆ ಹೆಚ್ಚುಕಮ್ಮಿ ಕ್ರಂಬಲ್ ಆಯಿತು. ಹೀಗೆ ಹೇಳಿದಾಗ ನಮ್ಮತ್ತೆ ಅಂದದ್ದು: "ಹಂಗಂದ್ರ ಹಣ್ಣಿನ ಮಾದಲಿ ಅನ್ನು. ನಾಲಿಗಿ ಹೊಳ್ಳಲಾರದ ಹೆಸರು ಯಾಕ ಬೇಕು?" ಅಂದಿನಿಂದ ನಮ್ಮ ಮನೆಯಲ್ಲಿ ಅದೇ ಹೆಸರು.

ಪೇರ್ ಕೇಳಿದರೆ ಪೇರಲ ತೂಗಿ ಕೊಟ್ಟರು. ಏನೆಂದು ಕೇಳಬೇಕು?

ಈ ಗೊಂದಲ ನಮ್ಮ ಕಡೆ ಆಗಿಯೇ ಆಗುತ್ತದೆ. ನಮ್ಮಲ್ಲಿ ಪೇರಲ ಅಂದರೆ ಸೀಬೆ. ಬೀದರಿನ ಮರಾಠಿ ಮಾತಾಡುವವರಿಗೆ ಪೇರೂ ಅಂದರೂ ಅದೇ. ಪುಸ್ತಕದ ಕನ್ನಡದ ಮರಸೇಬು ಎಂಬ ಹೆಸರು ಬಂಡಿಯವರಿಗೆ ತಿಳಿಯುವುದಿಲ್ಲ. ನಾಸಪಾತಿ ಅನ್ನಿ, ಕೈ ಸೀದಾ ಆ ಹಣ್ಣಿಗೇ ಹೋಗುತ್ತದೆ.

ಆದರೆ ನಾಸಪಾತಿಯಲ್ಲೂ ಎರಡು ಬಗೆ ಇದೆ, ಅದನ್ನು ನೋಡಿ ತೆಗೆದುಕೊಳ್ಳಬೇಕು. ಒಂದು ಪಂಜಾಬ್ ಕಡೆಯಿಂದ ಬರುವ ನಾಖ್. ದುಂಡಗೆ, ಗಟ್ಟಿ, ಕಚ್ಚಿದರೆ ಕರ್ ಅನ್ನುತ್ತದೆ. ಅಲ್ಲಿ ಅದರ ಪೂರ್ತಿ ಹೆಸರು ಪತ್ಥರ್ ನಾಖ್. ಹೆಸರಲ್ಲೇ ಕಲ್ಲು! ಹಣ್ಣಾದರೂ ಅದು ಬೆಣ್ಣೆಯಂತೆ ಮೆತ್ತಗಾಗುವುದಿಲ್ಲ. ಇನ್ನೊಂದು ಹಿಮಾಚಲ, ಕಾಶ್ಮೀರಗಳ ಬಬ್ಬುಗೋಶಾ. ಕತ್ತು ಸಣ್ಣ, ಬುಡ ದಪ್ಪ, ಮಾಗಿದರೆ ಹಳದಿ ತಿರುಗಿ ಘಮ ಬರುತ್ತದೆ, ರಸ ಮೊಣಕೈ ತನಕ ಇಳಿಯುತ್ತದೆ. ಕ್ರಂಬಲ್‌ಗೆ ಬಬ್ಬುಗೋಶಾ ಬೇಕು. ಜುಲೈನಿಂದ ಸೆಪ್ಟೆಂಬರ್ ತನಕ ಸಿಗುತ್ತದೆ. ಉಳಿದ ತಿಂಗಳಲ್ಲಿ ಮಾಲ್‌ಗಳಲ್ಲಿ ಸಿಗುವ ಹೊರದೇಶದ ಹಸಿರು ಪೇರ್ ಕೂಡ ಆಗುತ್ತದೆ, ರೊಕ್ಕ ಮಾತ್ರ ಹೆಚ್ಚು.

ಹಣ್ಣು ಮಾಗಿದೆ ಅಂತ ಹೇಗೆ ಗೊತ್ತಾಗುತ್ತದೆ? ಬಣ್ಣ ನೋಡಿದರೆ ಸಾಕಾ?

ಬಣ್ಣ ನಂಬಬೇಡಿ. ಕೆಲವು ಜಾತಿ ಮಾಗಿದರೂ ಹಸಿರಾಗಿಯೇ ಇರುತ್ತವೆ. ತೊಟ್ಟಿನ ಪಕ್ಕ, ಹಣ್ಣಿನ ಕತ್ತನ್ನು ಹೆಬ್ಬೆರಳಿಂದ ಮೆಲ್ಲಗೆ ಒತ್ತಿ. ಅಲ್ಲಿ ಸ್ವಲ್ಪ ಒಳಗೆ ಹೋದರೆ ಹಣ್ಣು ತಯಾರು. ಪೇರ್ ಒಳಗಿನಿಂದ ಹೊರಗೆ ಮಾಗುವ ಹಣ್ಣು. ಹೊಟ್ಟೆಯ ಭಾಗ ಒತ್ತಿದರೆ ಮೆತ್ತಗೆ ಹತ್ತುವ ಹೊತ್ತಿಗೆ ಒಳಗೆ ನಡು ಕಂದಾಗಿ ಕೊಳೆಯಲು ಶುರುವಾಗಿರುತ್ತದೆ.

ಇನ್ನೊಂದು ವಿಷಯ. ಈ ಹಣ್ಣನ್ನು ಗಿಡದಲ್ಲಿ ಮಾಗಲು ಬಿಡುವುದಿಲ್ಲ, ಬಲಿತಿದ್ದಾಗಲೇ ಗಟ್ಟಿಯಾಗಿ ಕೀಳುತ್ತಾರೆ. ಹಾಗಾಗಿ ಬಂಡಿಯ ಮೇಲೆ ಗಟ್ಟಿ ಹಣ್ಣು ಕಂಡರೆ ಬಿಟ್ಟು ಬರಬೇಡಿ, ಮನೆಗೆ ತಂದು ಮಾಗಿಸಿ. ಹಳೇ ಪೇಪರಿನಲ್ಲಿ ಸುತ್ತಿ, ಜೊತೆಗೆ ಒಂದು ಮಾಗಿದ ಬಾಳೆಹಣ್ಣಿಟ್ಟು ಡಬ್ಬಿಯಲ್ಲಿಡಿ. ಬಾಳೆಹಣ್ಣು ಬಿಡುವ ಎಥಿಲೀನ್ ಅನಿಲದಿಂದ ಪೇರ್ ಬೇಗ ಮಾಗುತ್ತದೆ. ನಮ್ಮ ಮಳೆಗಾಲದ ಸೆಕೆಗೆ ಮೂರು ನಾಲ್ಕು ದಿನ ಸಾಕು. ಎರಡನೇ ದಿನದಿಂದ ದಿನಕ್ಕೊಂದು ಸಲ ಕತ್ತು ಒತ್ತಿ ನೋಡುತ್ತಿರಿ. ಮಾಗಿದ ಮೇಲೆ ಫ್ರಿಜ್ಜಿನಲ್ಲಿಟ್ಟರೆ ಇನ್ನೂ ಮೂರು ದಿನ ತಡೆಯುತ್ತದೆ.

ನಾನು ಮೊದಲ ಸಲ ಮಾಡಿದಾಗ ಇದೇನೂ ಗೊತ್ತಿರಲಿಲ್ಲ. ನಾದಿನಿ ಬರುವ ದಿನ ಬೆಳಿಗ್ಗೆ ತಂದ ಹಣ್ಣನ್ನು ಮಧ್ಯಾಹ್ನವೇ ಹೆಚ್ಚಿ ಓವನ್ನಿಗಿಟ್ಟೆ. ನಲವತ್ತು ನಿಮಿಷಕ್ಕೆ ಮೇಲೆ ಕಪ್ಪಗಾಗಿತ್ತು, ಕೆಳಗಿನ ಹಣ್ಣು ಕಟುಂ ಕಟುಂ. ಸಪ್ಪೆ ಅನ್ನಿಸಿ ಮೇಲೆ ಮೂರು ಚಮಚ ಸಕ್ಕರೆ ಉದುರಿಸಿದೆ. ಮಾವನವರು ಒಂದು ತುತ್ತು ಬಾಯಿಗಿಟ್ಟು, "ಬದನಿಕಾಯಿ ಅರ್ಧ ಬೆಂದಂಗ ಆಗ್ಯಾವಲ್ಲಬೇ" ಅಂದರು. ನಾದಿನಿ ನಕ್ಕಿದ್ದು ಇನ್ನೂ ಕಿವಿಯಲ್ಲಿದೆ. ಮುಂದಿನ ವಾರ ಅದೇ ಬಂಡಿಯ ಹಣ್ಣನ್ನು ನಾಲ್ಕು ದಿನ ಇಟ್ಟು ಮಾಡಿದೆ. ಹಣ್ಣಿಗೆ ಒಂದೇ ಒಂದು ಚಮಚ ಬೆಲ್ಲ ಹಾಕಿದ್ದೆ, ಅದೂ ಹೆಚ್ಚಾಯಿತು ಅಂದರು.

ನಮ್ಮ ಊರಲ್ಲಿ ಗಟ್ಟಿ ನಾಖ್ ಮಾತ್ರ ಸಿಗುತ್ತದೆ. ಆಗುವುದಿಲ್ಲವೇ?

ಆಗುತ್ತದೆ, ಒಂದು ಕೆಲಸ ಹೆಚ್ಚು. ತೆಳ್ಳಗೆ ಹೆಚ್ಚಿ, ಅರ್ಧ ಬಟ್ಟಲು ನೀರು, ಒಂದು ಚಕ್ಕೆ ಚೂರು ಹಾಕಿ ಮುಚ್ಚಿ ಹತ್ತು ಹನ್ನೆರಡು ನಿಮಿಷ ಸಣ್ಣ ಉರಿಯಲ್ಲಿ ಬೇಯಿಸಿ. ಚಾಕು ಸಲೀಸಾಗಿ ಇಳಿದ ಮೇಲೆ ಓವನ್ನಿನ ಪಾತ್ರೆಗೆ ಹಾಕಿ. ನಡುವಿನ ಬೀಜದ ಸುತ್ತ ಹಲ್ಲಿಗೆ ಮರಳು ಸಿಕ್ಕಂತೆ ಆಗುತ್ತದೆಯಲ್ಲ, ಅವು ಪೇರ್ ಜಾತಿಯಲ್ಲಿ ಸಹಜವಾಗಿ ಇರುವ ಗಟ್ಟಿ ಕೋಶಗಳು. ನಾಖ್‌ನಲ್ಲಿ ಅವು ಹೆಚ್ಚು. ನಡುಭಾಗವನ್ನು ಸ್ವಲ್ಪ ಧಾರಾಳವಾಗಿಯೇ ತೆಗೆದುಬಿಡಿ.

ಸಿಪ್ಪೆ ತೆಗೆಯಬೇಕಾ?

ಬೇಡ. ನಾರು ಇರುವುದು ಅದರಲ್ಲೇ ಹೆಚ್ಚು. ಚೆನ್ನಾಗಿ ಉಜ್ಜಿ ತೊಳೆಯಿರಿ. ನಾಖ್ ಸಿಪ್ಪೆ ಮಾತ್ರ ದಪ್ಪ, ಅದನ್ನು ತೆಗೆದರೆ ಒಳ್ಳೆಯದು.

ಅಳತೆ ಹೇಳಿ, ಕಣ್ಣಳತೆ ಬೇಡ.

ಆರು ಮಂದಿಗೆ ಆಗುವಷ್ಟು ಬರೆಯುತ್ತೇನೆ.

ಹಣ್ಣಿಗೆ: ಮಾಗಿದ ನಾಸಪಾತಿ ಐದಾರು (ನಡು ತೆಗೆದ ಮೇಲೆ ಸುಮಾರು 750 ಗ್ರಾಂ ಉಳಿಯಬೇಕು), ಒಂದು ದೊಡ್ಡ ಚಮಚ ನಿಂಬೆರಸ, ಒಂದು ದೊಡ್ಡ ಚಮಚ ಬೆಲ್ಲದ ಪುಡಿ, ಎರಡು ಸಣ್ಣ ಚಮಚ ಜೋಳದ ಹಿಟ್ಟು, ಅರ್ಧ ಇಂಚು ಹಸಿಶುಂಠಿ ತುರಿದದ್ದು, ನಾಲ್ಕು ಏಲಕ್ಕಿ ಕುಟ್ಟಿದ್ದು.

ಮೇಲಿನ ಪದರಕ್ಕೆ: ಓಟ್ಸ್ 80 ಗ್ರಾಂ, ಜೋಳದ ಹಿಟ್ಟು 40 ಗ್ರಾಂ, ಗೋಧಿ ಹಿಟ್ಟು 40 ಗ್ರಾಂ, ಬೆಲ್ಲದ ಪುಡಿ 40 ಗ್ರಾಂ, ಹುರಿದು ತರಿತರಿ ಕುಟ್ಟಿದ ಶೇಂಗಾ 30 ಗ್ರಾಂ, ಅಗಸಿ ಒಂದು ದೊಡ್ಡ ಚಮಚ, ತುಪ್ಪ 40 ಗ್ರಾಂ, ಎರಡು ಚಿಟಿಕೆ ಉಪ್ಪು. ಉಪ್ಪು ಮರೆಯಬೇಡಿ, ಸಿಹಿ ಕಡಿಮೆ ಹಾಕಿದ ತಿನಿಸಿಗೆ ರುಚಿ ಕೊಡುವುದು ಅದೇ.

ತಕ್ಕಡಿ ಇಲ್ಲದವರು ಮನೆಯ ಚಹಾ ಕಪ್ಪು ಹಿಡಿಯಿರಿ. ಓಟ್ಸ್ ಒಂದೂವರೆ ಕಪ್ಪು, ಎರಡೂ ಹಿಟ್ಟು ಅರ್ಧರ್ಧ ಕಪ್ಪು, ತುಪ್ಪ ಮೂರು ದೊಡ್ಡ ಚಮಚ.

ಮಾಡುವುದು ಹೇಗೆ?

ಓವನ್ 180 ಡಿಗ್ರಿಗೆ ಹತ್ತು ನಿಮಿಷ ಕಾಯಲು ಬಿಡಿ, ಮೇಲೆ ಕೆಳಗೆ ಎರಡೂ ರಾಡ್ ಹಾಕಿ. ಹಣ್ಣನ್ನು ಹೆಬ್ಬೆರಳಿನಷ್ಟು ದಪ್ಪದ ಹೋಳು ಮಾಡಿ ಕೂಡಲೇ ನಿಂಬೆರಸ ಹಚ್ಚಿ, ಇಲ್ಲವಾದರೆ ಗಾಳಿ ತಾಗಿ ಕಂದಾಗುತ್ತದೆ. ಉಳಿದ ಸಾಮಾನು ಸೇರಿಸಿ ಗಾಜಿನ ಅಥವಾ ಸ್ಟೀಲಿನ ಪಾತ್ರೆಗೆ ಹಾಕಿ. ಅಲ್ಯುಮಿನಿಯಂ ಬೇಡ, ಹುಳಿ ತಾಗಿ ಲೋಹದ ವಾಸನೆ ಬರುತ್ತದೆ.

ಇನ್ನು ಮೇಲಿನದು. ಒಣ ಸಾಮಾನೆಲ್ಲ ಪರಾತದಲ್ಲಿ ಹಾಕಿ, ತುಪ್ಪ ಸೇರಿಸಿ ಬೆರಳ ತುದಿಯಲ್ಲೇ ಉಜ್ಜುತ್ತಾ ಬನ್ನಿ. ಅಂಗೈ ತಾಗಿಸಬೇಡಿ, ಅಂಗೈ ಬಿಸಿಗೆ ತುಪ್ಪ ಕರಗಿ ಹಿಟ್ಟು ಮುದ್ದೆಯಾಗುತ್ತದೆ. ಮುಷ್ಟಿಯಲ್ಲಿ ಹಿಡಿದರೆ ಉಂಡೆಯಾಗಬೇಕು, ಬಿಟ್ಟು ತಟ್ಟಿದರೆ ಉದುರಬೇಕು. ಲಾಡುವಿಗೆ ಹದ ನೋಡಿ ರೂಢಿ ಇದ್ದವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ತೀರಾ ಒಣಗಿದಂತೆ ಕಂಡರೆ ಒಂದು ಚಮಚ ತಣ್ಣನೆಯ ಹಾಲು ಚಿಮುಕಿಸಿ. ಕೆಲವು ಪುಡಿಯಾಗಿ, ಕೆಲವು ಕಡಲೆಕಾಳಿನಷ್ಟು ಗಾತ್ರದಲ್ಲಿ ಉಳಿದರೆ ಚೆಂದ. ಹಣ್ಣಿನ ಮೇಲೆ ಹರವಿ, ಒತ್ತದೆ ಬಿಡಿ.

35ರಿಂದ 40 ನಿಮಿಷ. ಅಂಚಿನಲ್ಲಿ ರಸ ಗುಳುಗುಳು ಕುದಿಯುವುದು ಕಾಣಬೇಕು, ಮೇಲೆ ಹೊಂಬಣ್ಣ ಬರಬೇಕು. 25 ನಿಮಿಷಕ್ಕೇ ಮೇಲೆ ಕೆಂಪಾಗುತ್ತಿದ್ದರೆ ಫಾಯಿಲ್ ಮುಚ್ಚಿ. ತೆಗೆದ ಮೇಲೆ ಹದಿನೈದು ನಿಮಿಷ ಮುಟ್ಟಬೇಡಿ. ರಸ ಗಟ್ಟಿಯಾಗುವುದು, ಮೇಲಿನದು ಗರಿಯಾಗುವುದು ಆ ಹದಿನೈದು ನಿಮಿಷದಲ್ಲಿ.

ಇದು ಆರೋಗ್ಯಕ್ಕೆ ಒಳ್ಳೆಯದು ಅಂತೀರಿ. ಲೆಕ್ಕ ಕೊಡಿ.

ಕೊಡುತ್ತೇನೆ. ಹಳೇ ಪದ್ಧತಿಯ ಕ್ರಂಬಲ್‌ನಲ್ಲಿ ಮೈದಾ, ಬೆಣ್ಣೆ, ಸಕ್ಕರೆ ಎರಡಕ್ಕೆ ಒಂದು, ಒಂದು. ಅಂದರೆ 200 ಗ್ರಾಂ ಮೈದಾಕ್ಕೆ 100 ಗ್ರಾಂ ಬೆಣ್ಣೆ, 100 ಗ್ರಾಂ ಸಕ್ಕರೆ. ಹಣ್ಣಿಗೆ ಬೇರೆ 50 ಗ್ರಾಂ ಸಕ್ಕರೆ ಅನ್ನಿ. ಆರು ಜನಕ್ಕೆ ಹಂಚಿದರೆ ತಲೆಗೆ 25 ಗ್ರಾಂ ಸಕ್ಕರೆ, 400 ಕ್ಯಾಲೊರಿ ಆಸುಪಾಸು. ಮೇಲಿನ ಅಳತೆಯಲ್ಲಿ ತಲೆಗೆ ಬೀಳುವ ಬೆಲ್ಲ 9 ಗ್ರಾಂ, ಕ್ಯಾಲೊರಿ ಸುಮಾರು 300.

ಕ್ಯಾಲೊರಿಯಲ್ಲಿ ಭಾರೀ ಅಂತರ ಇಲ್ಲ ಅಂತ ನಿಮಗೂ ಕಂಡಿರಬೇಕು. ಓಟ್ಸ್, ಶೇಂಗಾ, ತುಪ್ಪ ಯಾವುದೂ ಹಗುರ ಅಲ್ಲ. ಲಾಭ ಇರುವುದು ಸಿಹಿಯಲ್ಲಿ ಮತ್ತು ನಾರಿನಲ್ಲಿ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದ್ದು, ಹೊರಗಿನಿಂದ ಸೇರಿಸಿದ ಸಕ್ಕರೆ ದಿನದ ಶಕ್ತಿಯ ಶೇ. 10 ದಾಟಬಾರದು, ಶೇ. 5ರೊಳಗೆ, ಅಂದರೆ ಸುಮಾರು 25 ಗ್ರಾಂನೊಳಗೆ ಇದ್ದರೆ ಇನ್ನೂ ಒಳ್ಳೆಯದು. ಹಳೇ ಪದ್ಧತಿಯ ಒಂದು ಬಟ್ಟಲಿಗೇ ಆ ದಿನದ ಪಾಲು ಮುಗಿಯಿತು. ಮಧ್ಯಾಹ್ನದ ಎರಡು ಚಹಾದ ಗತಿ ಏನು? ಇನ್ನು ನಾರು: 100 ಗ್ರಾಂ ಪೇರ್‌ನಲ್ಲಿ 3 ಗ್ರಾಂ, ಜೋಳದಲ್ಲಿ 10 ಗ್ರಾಂ ಹತ್ತಿರ. ಮೈದಾದಲ್ಲಿ ಜೋಳಕ್ಕಿಂತ ಬಹಳ ಕಡಿಮೆ.

ಎರಡು ಬಟ್ಟಲು ತಿಂದರೆ ಈ ಲೆಕ್ಕ ಯಾವುದೂ ನಿಲ್ಲುವುದಿಲ್ಲ.

ಬೆಲ್ಲ ಹಾಕಿದ್ದೇವಲ್ಲ, ಎಷ್ಟು ಹಾಕಿದರೂ ನಡೆಯುತ್ತದೆ ಅಲ್ಲವೇ?

ಇದನ್ನು ಕೇಳಿದಾಗೆಲ್ಲ ನನಗೆ ಸ್ವಲ್ಪ ಸಿಟ್ಟು ಬರುತ್ತದೆ, ಕ್ಷಮಿಸಿ. ಬೆಲ್ಲ, ಸಕ್ಕರೆ ಎರಡೂ ಕಬ್ಬಿನ ಮಕ್ಕಳು. 100 ಗ್ರಾಂಗೆ ಎರಡರಲ್ಲೂ ಕ್ಯಾಲೊರಿ ಹೆಚ್ಚುಕಮ್ಮಿ ಒಂದೇ. ಬೆಲ್ಲದಲ್ಲಿ ಚೂರು ಕಬ್ಬಿಣ, ಖನಿಜ ಇರುವುದು ನಿಜ, ಆದರೆ ಒಂದು ಚಮಚದಲ್ಲಿ ಬರುವುದು ಎಷ್ಟು? ನಾನು ಬೆಲ್ಲ ಹಾಕುವುದು ರುಚಿಗೆ. ಕಾಯ್ದ ಬೆಲ್ಲದ ವಾಸನೆ ಪೇರ್ ಜೊತೆ ಕೂಡಿದಂತೆ ಸಕ್ಕರೆ ಕೂಡುವುದಿಲ್ಲ. ಜೇನುತುಪ್ಪಕ್ಕೂ ಇದೇ ಮಾತು. ಅಲ್ಲದೆ ಜೇನು ಹಾಕಿದರೆ ಪದರ ಬೇಗ ಕಪ್ಪಗಾಗುತ್ತದೆ.

ಬೆಲ್ಲವನ್ನೂ ಬಿಡಬೇಕೆಂದರೆ ಆರು ಖರ್ಜೂರ ಸಣ್ಣಗೆ ಹೆಚ್ಚಿ ಹಣ್ಣಿನ ಜೊತೆ ಹಾಕಿ. ನಾರಾದರೂ ಸಿಗುತ್ತದೆ. ಮೇಲಿನ ಪದರಕ್ಕೆ ಖರ್ಜೂರ ಬೇಡ, ಕಲ್ಲಾಗುತ್ತದೆ.

ಬರೇ ಜೋಳದ ಹಿಟ್ಟಿನಲ್ಲಿ ಮಾಡಬಹುದಾ?

2023ನ್ನು ವಿಶ್ವಸಂಸ್ಥೆ ಸಿರಿಧಾನ್ಯಗಳ ವರ್ಷ ಅಂದಾಗ ಬೆಂಗಳೂರಿನ ನಮ್ಮ ಅಕ್ಕ ಜೋಳದ ಹಿಟ್ಟು ಎಲ್ಲಿ ಸಿಗುತ್ತದೆ ಅಂತ ನನಗೇ ಫೋನ್ ಮಾಡಿದ್ದಳು. ನಮಗೆ ಅದು ದಿನದ ರೊಟ್ಟಿ, ಹುಡುಕುವ ಮಾತಿಲ್ಲ. ಆದರೂ ಬರೇ ಜೋಳದಲ್ಲಿ ಮಾಡಿದರೆ ಕ್ರಂಬಲ್ ಬಾಯಲ್ಲಿ ಮಣ್ಣು ಮುಕ್ಕಿದಂತೆ ಆಗುತ್ತದೆ, ಮಾಡಿ ನೋಡಿದ್ದೇನೆ. ಜೋಳದಲ್ಲಿ ಅಂಟು ಇಲ್ಲ. ರೊಟ್ಟಿಗೆ ಕುದಿಯುವ ನೀರು ಹೊಯ್ದು ನಾದಿ ಜಿಗಿ ಬರಿಸುತ್ತೇವೆ, ಇಲ್ಲಿ ನೀರೇ ಹಾಕುವುದಿಲ್ಲ. ಹಾಗಾಗಿ ಕಾಲು ಭಾಗ ಜೋಳ, ಕಾಲು ಭಾಗ ಗೋಧಿ, ಅರ್ಧ ಓಟ್ಸ್ ಅನ್ನುವ ಲೆಕ್ಕಕ್ಕೆ ಬಂದು ನಿಂತಿದ್ದೇನೆ.

ಗೋಧಿ ತಿನ್ನಬಾರದು ಅಂತ ಡಾಕ್ಟರು ಹೇಳಿದವರು ಗೋಧಿಯ ಬದಲು ಅಷ್ಟೇ ತೂಕದ ಶೇಂಗಾ ಪುಡಿ ಅಥವಾ ಬಾದಾಮಿ ಪುಡಿ ಹಾಕಿ. ಓಟ್ಸ್ ಕೂಡ ಗ್ಲುಟೆನ್ (ಗೋಧಿಯಲ್ಲಿರುವ ಅಂಟು) ಇಲ್ಲದ್ದು ಅಂತ ಪೊಟ್ಟಣದ ಮೇಲೆ ಬರೆದದ್ದನ್ನೇ ತನ್ನಿ, ಬಹಳ ಓಟ್ಸ್‌ನಲ್ಲಿ ಗೋಧಿ ಬೆರೆತಿರುತ್ತದೆ. ಜೋಳವನ್ನೂ ಮನೆಯಲ್ಲೇ ಬೀಸಿಕೊಳ್ಳಬೇಕು. ಗಿರಣಿಯಲ್ಲಿ ನಿಮ್ಮ ಜೋಳಕ್ಕಿಂತ ಮೊದಲು ಬಿದ್ದದ್ದು ಯಾರದೋ ಗೋಧಿ.

ಹಿಟ್ಟು ತಾಜಾ ಇರಲಿ. ಎಳ್ಳಮಾಸಿ ಹಬ್ಬಕ್ಕೆ ಬೀಸಿಸಿ ಉಳಿದ ಸಜ್ಜಿ ಹಿಟ್ಟನ್ನು ಒಮ್ಮೆ ಇದಕ್ಕೆ ಹಾಕಿ ಇಡೀ ಪಾತ್ರೆ ಕಹಿ ಮಾಡಿಕೊಂಡಿದ್ದೆ. ಸಜ್ಜಿ ಹಿಟ್ಟು ಬಹಳ ಬೇಗ ಕಮಟು ವಾಸನೆಗೆ ತಿರುಗುತ್ತದೆ. ಜೋಳ ಅಷ್ಟು ಬೇಗ ಅಲ್ಲ, ಆದರೂ ಮೂಸಿ ನೋಡಿ ಹಾಕಿ.

ಓಟ್ಸ್ ಇಲ್ಲ. ಬದಲಿಗೆ?

ದಪ್ಪ ಅವಲಕ್ಕಿ. ಬಾಣಲೆಯಲ್ಲಿ ಗರಿಯಾಗಿ ಹುರಿದು ಕೈಯಲ್ಲೇ ಪುಡಿ ಮಾಡಿ. ಓಟ್ಸ್‌ನಷ್ಟು ನಾರು ಸಿಗದು, ಗರಿಗರಿ ಮಾತ್ರ ಅದಕ್ಕಿಂತ ಒಂದು ಕೈ ಮೇಲು.

ಬೆಣ್ಣೆ, ತುಪ್ಪ, ಎಣ್ಣೆ: ಯಾವುದು?

ಇಂಗ್ಲೆಂಡಿನವರು ಫ್ರಿಜ್ಜಿನಿಂದ ತೆಗೆದ ತಣ್ಣನೆಯ ಬೆಣ್ಣೆ ಹೆಚ್ಚಿ ಹಾಕುತ್ತಾರೆ. ಅವರ ಹವೆಗೆ ಸರಿ. ನಮ್ಮಲ್ಲಿ ಮೇ ತಿಂಗಳಲ್ಲಿ ಬಿಸಿಲು 42, 43 ಡಿಗ್ರಿ ಮುಟ್ಟಿದಾಗ ಬೆಣ್ಣೆ ಹೊರತೆಗೆದು ಚಾಕು ಹುಡುಕುವುದರೊಳಗೆ ಅರ್ಧ ಕರಗಿರುತ್ತದೆ. ಆಮೇಲೆ ಉದುರು ಎಲ್ಲಿಂದ ಬರಬೇಕು? ಅದಕ್ಕೇ ನಾನು ಹೆರೆಗಟ್ಟಿದ ತುಪ್ಪವನ್ನು ಅರ್ಧ ಗಂಟೆ ಫ್ರಿಜ್ಜಿನಲ್ಲಿಟ್ಟು ಹಾಕುತ್ತೇನೆ. ಬೆಣ್ಣೆಯಲ್ಲಿ ನೀರಿನಂಶ ಇರುತ್ತದೆ, ತುಪ್ಪದಲ್ಲಿ ಇಲ್ಲ, ಹಾಗಾಗಿ ಕಡಿಮೆ ಹಿಡಿದರೂ ಸಾಕು.

ಹೃದಯದ ತೊಂದರೆ ಇದ್ದು ತುಪ್ಪ ಬೇಡ ಅಂದವರ ಮನೆಗೆ ಎಣ್ಣೆಯಲ್ಲಿ ಮಾಡಿ. ಗಾಣದ ಕುಸುಬಿ ಎಣ್ಣೆ ಸಿಕ್ಕರೆ ಅದು, ಇಲ್ಲವಾದರೆ ಶೇಂಗಾ ಎಣ್ಣೆ. 35 ಗ್ರಾಂ ಸಾಕು. ಉಂಡೆ ಕಟ್ಟುವುದಿಲ್ಲ, ಮರಳಿನಂತೆ ಇರುತ್ತದೆ. ಒಂದು ಚಮಚ ಮೊಸರು ಸೇರಿಸಿದರೆ ಸ್ವಲ್ಪ ಹಿಡಿದುಕೊಳ್ಳುತ್ತದೆ. ಎಣ್ಣೆಯಾದರೆ ಕ್ಯಾಲೊರಿ ಇಳಿಯುತ್ತದೆ ಅನ್ನುವ ಭ್ರಮೆ ಬೇಡ, ಜಿಡ್ಡಿನ ಬಗೆ ಬದಲಾಗುತ್ತದೆ ಅಷ್ಟೇ. ಡಾಲ್ಡಾ ಮಾತ್ರ ಬೇಡವೇ ಬೇಡ.

ನಮ್ಮಲ್ಲಿ ಓವನ್ ಇಲ್ಲ.

ನೂರಕ್ಕೆ ಎಂಬತ್ತು ಜನ ಕೇಳುವುದು ಇದನ್ನೇ. ದಾರಿಗಳು ಹಲವು, ನನಗೆ ಇಷ್ಟವಾದದ್ದು ಮೊದಲು ಹೇಳುತ್ತೇನೆ.

ಎರಡು ಒಲೆಯ ಪದ್ಧತಿ. ಒಂದರಲ್ಲಿ ದಪ್ಪ ತಳದ ಬೋಗುಣಿಯಲ್ಲಿ ಹಣ್ಣು ಮುಚ್ಚಿ ಬೇಯಿಸಿ, ಹತ್ತು ನಿಮಿಷ. ಇನ್ನೊಂದರಲ್ಲಿ ಕಬ್ಬಿಣದ ಬಾಣಲೆಯಲ್ಲಿ ಮೇಲಿನ ಪದರದ ಸಾಮಾನನ್ನು ಬೆಲ್ಲ ಬಿಟ್ಟು ಸಣ್ಣ ಉರಿಯಲ್ಲಿ ಹುರಿಯಿರಿ. ಕೈ ಬಿಡದೆ ಹುರಿದರೆ ಹನ್ನೆರಡು ನಿಮಿಷಕ್ಕೆ ಜೋಳದ ಹಸಿ ವಾಸನೆ ಹೋಗಿ ರೊಟ್ಟಿ ಹಂಚಿನ ಘಮ ಬರುತ್ತದೆ. ಆಗ ಉರಿ ಆರಿಸಿ ಬೆಲ್ಲ ಸೇರಿಸಿ. ಬಟ್ಟಲಿಗೆ ಹಣ್ಣು, ಮೇಲೆ ಇದು. ನಿಜ ಹೇಳಬೇಕೆಂದರೆ ಓವನ್ ಇರುವ ನಾನೂ ಅವಸರದಲ್ಲಿ ಹೀಗೇ ಮಾಡುತ್ತೇನೆ, ಜೋಳದ ರುಚಿ ಇದರಲ್ಲೇ ಚೆನ್ನಾಗಿ ಏಳುತ್ತದೆ.

ಉಪ್ಪು ಹಾಕಿದ ಬಾಣಲೆಯೂ ಆಗುತ್ತದೆ. ಹಳೇ ದಪ್ಪ ಬಾಣಲೆಗೆ ಒಂದು ಇಂಚು ಕಲ್ಲುಪ್ಪು, ಅದರ ಮೇಲೆ ಸಣ್ಣ ಸ್ಟ್ಯಾಂಡ್, ಮುಚ್ಚಿ ಹತ್ತು ನಿಮಿಷ ಕಾಯಿಸಿ, ಆಮೇಲೆ ಪಾತ್ರೆ ಇಟ್ಟು ಮಧ್ಯಮ ಉರಿಯಲ್ಲಿ 50 ನಿಮಿಷ. ನಾನ್‌ಸ್ಟಿಕ್ ಬೇಡ. ಮೇಲಿನಿಂದ ಶಾಖ ಇಲ್ಲದ್ದರಿಂದ ಬಣ್ಣ ಬರುವುದಿಲ್ಲ, ಪದರವನ್ನು ಮೊದಲೇ ಹುರಿದು ಹಾಕಬೇಕು. ಕುಕ್ಕರಿನಲ್ಲಿ ಮಾಡುವವರು ಗ್ಯಾಸ್ಕೆಟ್, ಸೀಟಿ ಎರಡೂ ತೆಗೆಯಿರಿ.

ಮೂರನೆಯದು ಬೇಕರಿ ಭಟ್ಟಿ. ರಮಜಾನ್, ದೀಪಾವಳಿ ಬಂದರೆ ಹಿಟ್ಟು, ಸಕ್ಕರೆ, ತುಪ್ಪ ಒಯ್ದು ನಾನಖಟಾಯಿ ಮಾಡಿಸಿಕೊಂಡು ಡಬ್ಬಿ ತುಂಬಿ ತರುವ ರೂಢಿ ನಮ್ಮ ಕಡೆ ಇದ್ದೇ ಇದೆ. ಅದೇ ಭಟ್ಟಿಯವರನ್ನು ಕೇಳಿ, ಬ್ರೆಡ್ಡು ತೆಗೆದ ಮೇಲೆ ಉಳಿದ ಕಾವಿನಲ್ಲಿ ಸ್ಟೀಲ್ ಪಾತ್ರೆ ಇಡಿಸಿ. ಅಲ್ಲೇ ನಿಂತು ನೋಡಿಕೊಳ್ಳಿ. ಒಮ್ಮೆ ನಾನು ತರಕಾರಿ ತರಲು ಹೋಗಿ ಬರುವುದರೊಳಗೆ ಮೇಲೆಲ್ಲ ಇದ್ದಿಲು. ಭಟ್ಟಿಯಣ್ಣ, "ಅಕ್ಕಾರ, ನಮಗ ಬಿಸ್ಕೀಟಿನ ಹೊತ್ತು ಗೊತ್ತು, ಇದರದ್ದು ಹೆಂಗ ಗೊತ್ತಾಗಬೇಕ್ರಿ" ಅಂದ. ತಪ್ಪು ನನ್ನದೇ.

ಮೈಕ್ರೋವೇವ್‌ನಲ್ಲಿ ಕನ್ವೆಕ್ಷನ್ ಇದ್ದರೆ ಓವನ್ನಿನಂತೆಯೇ. ಇಲ್ಲದಿದ್ದರೆ ಹಣ್ಣು ಬೇಯಿಸಲು ಮಾತ್ರ ಬಳಸಿ. ಏರ್ ಫ್ರೈಯರ್‌ನಲ್ಲಿ ಸಣ್ಣ ಬಟ್ಟಲು, 160 ಡಿಗ್ರಿ, 15 ರಿಂದ 18 ನಿಮಿಷ. ಫ್ಯಾನ್ ಗಾಳಿಗೆ ಓಟ್ಸ್ ಹಾರಾಡುತ್ತದೆ, ಅಲ್ಲಿ ಮಾತ್ರ ಪದರವನ್ನು ಮೆಲ್ಲಗೆ ಒತ್ತಿ.

ನಡುವೆ ಕರೆಂಟ್ ಹೋದರೆ?

ಬಾಗಿಲು ತೆಗೆಯಬೇಡಿ. ಹತ್ತು ಹದಿನೈದು ನಿಮಿಷ ಒಳಗಿನ ಕಾವಿನಲ್ಲೇ ಹಣ್ಣು ಬೇಯುತ್ತಿರುತ್ತದೆ. ಇದು ಕೇಕಲ್ಲ, ಕುಸಿಯುವ ಭಯ ಇಲ್ಲ. ಕರೆಂಟ್ ಬಂದ ಮೇಲೆ ಮುಂದುವರಿಸಿ. ಗಂಟೆ ದಾಟಿದರೆ ಹೊರತೆಗೆದು, ಪದರವನ್ನು ಚಮಚದಲ್ಲಿ ಎತ್ತಿ ಬಾಣಲೆಯಲ್ಲಿ ಹುರಿದುಬಿಡಿ.

ಮೇಲಿನದು ಗರಿಯಾಗಲಿಲ್ಲ, ಕೆಳಗೆ ನೀರು ನೀರು. ಎಲ್ಲಿ ತಪ್ಪಿತು?

ಹಣ್ಣು ಅತಿಯಾಗಿ ಮಾಗಿತ್ತು, ಇಲ್ಲವೇ ಹೆಚ್ಚಿ ಬೆಲ್ಲ ಹಚ್ಚಿ ಬಹಳ ಹೊತ್ತು ಇಟ್ಟಿದ್ದಿರಿ. ಬೆಲ್ಲ ತಾಗಿದ ಕೂಡಲೇ ಹಣ್ಣು ನೀರು ಬಿಡುತ್ತದೆ. ಬುಡದಲ್ಲಿ ನೀರು ನಿಂತದ್ದು ಕಂಡರೆ ಅದನ್ನು ಬಗ್ಗಿಸಿ ಕುಡಿದುಬಿಡಿ, ಚೆಲ್ಲಬೇಡಿ. ಎರಡು ಚಮಚ ಜೋಳದ ಹಿಟ್ಟು ಹಾಕಲು ಹೇಳಿದ್ದು ರಸ ಹೀರಲಿ ಅಂತಲೇ, ಅದನ್ನು ಬಿಟ್ಟಿರಲೂಬಹುದು. ಪಾತ್ರೆ ಆಳ ಇದ್ದರೂ ಹೀಗಾಗುತ್ತದೆ, ಅಗಲವಾದದ್ದು ತೆಗೆದುಕೊಳ್ಳಿ.

ಸಕ್ಕರೆ ಕಾಯಿಲೆ ಇದ್ದವರು ತಿನ್ನಬಹುದಾ?

ಪೇರ್ ರಕ್ತದ ಸಕ್ಕರೆಯನ್ನು ನಿಧಾನ ಏರಿಸುವ ಹಣ್ಣುಗಳ ಸಾಲಿನದು. ಆ ಏರಿಕೆ ಅಳೆಯುವ ಗ್ಲೈಸೆಮಿಕ್ ಸೂಚ್ಯಂಕ 55ಕ್ಕಿಂತ ಕೆಳಗಿದೆ. ಹಾಗಂತ ಕ್ರಂಬಲ್ ಬರೇ ಪೇರ್ ಅಲ್ಲ, ಬೆಲ್ಲ ಇದೆ, ಹಿಟ್ಟಿದೆ, ಬೆಂದ ಹಣ್ಣಿದೆ. ನಮ್ಮ ಮಾವನವರಿಗೆ ಹಣ್ಣಿಗೆ ಬೆಲ್ಲ ಹಾಕದೆ, ಪದರ ಎರಡೇ ಚಮಚ ಉದುರಿಸಿ ಅರ್ಧ ಬಟ್ಟಲು ಕೊಡುತ್ತೇನೆ, ಆ ಹೊತ್ತಿನ ಒಂದು ರೊಟ್ಟಿ ಕಡಿಮೆ. ನಿಮ್ಮ ಮನೆಯವರಿಗೆ ಎಷ್ಟು ಅನ್ನುವುದನ್ನು ಅವರ ಡಾಕ್ಟರನ್ನೇ ಕೇಳಿ.

ತಿಂದ ಮೇಲೆ ಹೊಟ್ಟೆ ಉಬ್ಬರ ಬರುತ್ತದೆ. ಜೋಳದಿಂದಲಾ?

ಪೇರ್‌ನಲ್ಲಿ ಸಾರ್ಬಿಟಾಲ್ ಎಂಬ ಅಂಶ ಇದೆ, ಕೆಲವರ ಕರುಳು ಅದನ್ನು ಪೂರ್ತಿ ಹೀರುವುದಿಲ್ಲ, ಗಾಳಿ ತುಂಬುತ್ತದೆ. ದಿನಾ ಮೂರು ರೊಟ್ಟಿ ತಿನ್ನುವವರಿಗೆ 40 ಗ್ರಾಂ ಜೋಳ ಏನು ಮಾಡೀತು?

ಸಣ್ಣ ಮಕ್ಕಳಿಗೆ?

ಶೇಂಗಾ ನುಣ್ಣಗೆ ಪುಡಿ ಮಾಡಿ ಹಾಕಿ, ಇಡೀ ಬೀಜ ಗಂಟಲಿಗೆ ಸಿಕ್ಕೀತು. ಒಂದು ವರ್ಷದೊಳಗಿನ ಕೂಸಿಗೆ ಜೇನು ಹಾಕಿದ್ದು ಕೊಡಲೇಬಾರದು, ಬಿಸಿ ಮಾಡಿದ್ದಾದರೂ. ಆ ವಯಸ್ಸಿಗೆ ಬೆಂದ ನಾಸಪಾತಿಯನ್ನು ಸಿಪ್ಪೆ ತೆಗೆದು ಹಿಸುಕಿ ಕೊಟ್ಟರೆ ಸಾಕು.

ಜೊತೆಗೆ ಏನು? ಐಸ್‌ಕ್ರೀಮ್?

ಐಸ್‌ಕ್ರೀಮ್ ಹಾಕಿದರೆ ಉಳಿಸಿದ ಸಕ್ಕರೆಯೆಲ್ಲ ವಾಪಸ್ ಬಂತು. ಮನೆಯ ಎಮ್ಮೆ ಹಾಲಿನ ಗಟ್ಟಿ ಮೊಸರನ್ನು ಅರ್ಧ ಗಂಟೆ ಬಟ್ಟೆಯಲ್ಲಿ ಕಟ್ಟಿ ತೂಗಿಸಿ, ಚಿಟಿಕೆ ಏಲಕ್ಕಿ ಬೆರೆಸಿ ಬಿಸಿ ಕ್ರಂಬಲ್ ಮೇಲೆ ಹಾಕಿ. ಅತ್ತೆ ಮಾತ್ರ ಹಾಲು ಸುರಿದುಕೊಂಡೇ ತಿನ್ನುತ್ತಾರೆ, ಮಾದಲಿ ಅಂದಮೇಲೆ ಹಾಲು ಇರಬೇಕಂತೆ.

ಬೇರೆ ಹಣ್ಣಿನಲ್ಲಿ?

ಸೇಬು ಧಾರಾಳವಾಗಿ. ಪೇರಲದ ಬೀಜ ತೆಗೆದರೆ ಅದೂ ಚೆನ್ನ, ಸ್ವಲ್ಪ ಕಾಳುಮೆಣಸು ಕುಟ್ಟಿ ಹಾಕಿ. ಬೇಸಿಗೆಗೆ ಮಾವು ಆಗುತ್ತದೆ, ಗಟ್ಟಿ ಹಣ್ಣು ಇರಲಿ, ಬೆಲ್ಲ ಹಣ್ಣಿಗೆ ಬೇಡವೇ ಬೇಡ. ಪಪ್ಪಾಯಿ ನೀರಾಗುತ್ತದೆ. ಸೀತಾಫಲವನ್ನು ಓವನ್ನಿಗೆ ಇಡುವವರನ್ನು ನಾನು ಮಾತಾಡಿಸುವುದಿಲ್ಲ.

ನಾವು ಇಬ್ಬರೇ. ಆರು ಜನರ ಅಳತೆ ಏನು ಮಾಡಲಿ? ಎಷ್ಟು ದಿನ ಇಡಬಹುದು?

ಮಾಡಿದ್ದು ಉಳಿದರೆ ಮುಚ್ಚಿ ಫ್ರಿಜ್ಜಿನಲ್ಲಿ ಮೂರು ದಿನ. ಮೇಲಿನದು ಮೆತ್ತಗಾಗುತ್ತದೆ, ತಿನ್ನುವ ಮುಂಚೆ 160 ಡಿಗ್ರಿಗೆ ಹತ್ತು ನಿಮಿಷ ಇಟ್ಟರೆ ಅರ್ಧದಷ್ಟಾದರೂ ಗರಿ ತಿರುಗಿ ಬರುತ್ತದೆ.

ಅದಕ್ಕಿಂತ ಜಾಣತನದ ಕೆಲಸ ಇನ್ನೊಂದಿದೆ. ಮೇಲಿನ ಪದರವನ್ನು ಪೂರ್ತಿ ಅಳತೆಗೆ ಕಲಸಿ, ಬೇಯಿಸದೆ, ಡಬ್ಬಿಯಲ್ಲಿ ಹಾಕಿ ಫ್ರೀಜರಿಗಿಡಿ. ತಿಂಗಳು ಇರುತ್ತದೆ, ಉದುರಾಗಿಯೇ ಇರುತ್ತದೆ. ಪೇಪರಿನಲ್ಲಿ ಸುತ್ತಿಟ್ಟ ಹಣ್ಣುಗಳು ಒಂದೇ ದಿನ ಮಾಗುವುದಿಲ್ಲವಲ್ಲ. ಯಾವುದರ ಕತ್ತು ಮೆತ್ತಗಾಯಿತೋ ಆ ಒಂದನ್ನು ಎರಡು ಹೋಳು ಮಾಡಿ, ನಡು ತೆಗೆದ ಗುಳಿಯಲ್ಲಿ ಎರಡೆರಡು ಚಮಚ ಪದರ ತುಂಬಿ, 25 ನಿಮಿಷ ಓವನ್ನಿಗಿಡಿ. ಅವರಿಗರ್ಧ, ನಿಮಗರ್ಧ.